ಬಲೆ ಅಂದರೆ ಬಲೆ ಅಲ್ಲ ಮಾರಾಯ್ರೆ

ನಮ್ಮ ಮನೆಮಾತು ತುಳು. ಓದಿದ್ದು, ಬರೆದದ್ದು ಕನ್ನಡ. ಊರಿನ ಕಡೆ ಇದು ವಿಶೇಷವೇನಲ್ಲ. ನಮ್ಮ ದೊಡ್ಡಮ್ಮ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತನಗೆ ನೆನಪಾದ ತುಳು ಮಾತುಗಳನ್ನೆಲ್ಲ ಬರೆದಿಟ್ಟಿದ್ದರು, ಕನ್ನಡ ಲಿಪಿಯಲ್ಲೇ. ಊರು ಬಿಟ್ಟು ಬೆಳೆದ ಮಕ್ಕಳಿಗೆ ಇರಲಿ ಅಂತ ಅದನ್ನು ಸ್ಪ್ರೆಡ್‌ಶೀಟಿಗೆ ಏರಿಸಲು ಕೂತೆ. ಒಂದನೇ ಕಾಲಂ ತುಳು, ಎರಡನೆಯದು ಕನ್ನಡ, ಮೂರನೆಯದು ಇಂಗ್ಲಿಷ್. ತುಳು ಕಾಲಂ ಮುಗಿಯುವಷ್ಟರಲ್ಲಿ ಕೈ ಸೋತಿತ್ತು. ಉಳಿದದ್ದನ್ನು ಯಂತ್ರವೇ ಮಾಡಲಿ ಅಂದುಕೊಂಡು ಅನುವಾದದ ಫಾರ್ಮುಲಾ ಬರೆದು ಮೌಸ್ ಹಿಡಿದು ಕೆಳಕ್ಕೆ ಎಳೆದೆ.

'ಬಲೆ' ಎಂಬುದರ ಎದುರು ಮೀನು ಹಿಡಿಯುವ ಬಲೆ ಬಂತು. ತುಳುವಿನಲ್ಲಿ 'ಬಲೆ' ಅಂದರೆ 'ಬನ್ನಿ'. 'ಇಲ್ಲ್' ಅಂದರೆ ಮನೆ, ಅದರ ಎದುರು 'ಇಲ್ಲ' ಎಂಬ ಅರ್ಥ. 'ಕಂಡ' ಅಂದರೆ ಗದ್ದೆ, ಯಂತ್ರಕ್ಕೆ ಅದು 'ನೋಡಿದ'. 'ಅಪ್ಪೆ' ಅಂದರೆ ತಾಯಿ, 'ಅಮ್ಮೆ' ಅಂದರೆ ತಂದೆ, ಆ ಎರಡು ಸಾಲುಗಳ ಗತಿ ಏನಾಯಿತೆಂದು ನೀವೇ ಊಹಿಸಿ :-)

ಭಾಷೆ ಪತ್ತೆ ಮಾಡುವ ಫಂಕ್ಷನ್ನನ್ನು ಪಕ್ಕದಲ್ಲಿ ಹಾಕಿ ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಉತ್ತರ: ಕೆ-ಎನ್, ಕನ್ನಡ. ಯಾವ ತಂತ್ರಾಂಶ ಅಂತ ಹೇಳಿ ಪ್ರಯೋಜನವಿಲ್ಲ. ಈ ತಪ್ಪಿನ ಬೇರು ಯಾವುದೇ ಒಂದು ತಂತ್ರಾಂಶಕ್ಕಿಂತ ಹಳೆಯದು. ಅದನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ಪ್ರೆಡ್‌ಶೀಟಿಗೂ ಭಾಷೆಗೂ ಮೊದಲಿಂದ ಅಷ್ಟಕ್ಕಷ್ಟೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ ಟೂ ಕಂಪ್ಯೂಟರಿಗಾಗಿ ಮಾಡಿದ ವಿಸಿಕ್ಯಾಲ್ಕ್‌ಗೆ ಎರಡೇ ಜಾತಿ ಗೊತ್ತಿತ್ತು: ಬೆಲೆ ಇರುವುದು, ಹೆಸರುಪಟ್ಟಿ. ನೀವು ಒತ್ತಿದ ಮೊದಲ ಕೀಲಿ ಅಂಕಿಯೋ ಅಕ್ಷರವೋ ಎಂದು ನೋಡಿ ಅದು ತೀರ್ಮಾನಿಸಿಬಿಡುತ್ತಿತ್ತು. ಅಕ್ಷರವಾದರೆ ಅದು ಬರೀ ಪಟ್ಟಿ. ಅದರೊಳಗೆ ಏನು ಬರೆದಿದೆ ಎಂಬ ಉಸಾಬರಿ ಅದಕ್ಕೆ ಬೇಡ. ಮೊದಲ ಅಕ್ಷರ ನೋಡಿ ಕುಲ ಹೇಳುವ ಅಭ್ಯಾಸ ಅಲ್ಲಿಂದಲೇ ಬಂದದ್ದು ಅಂತ ನನಗೊಂದು ಗುಮಾನಿ.

ಅನುವಾದ ಮೊದಲು ಬಂದದ್ದು ನಮ್ಮ ಮಾತಿಗಲ್ಲ, ತಂತ್ರಾಂಶದ ಸ್ವಂತ ಮಾತಿಗೆ. ಎಕ್ಸೆಲ್‌ನಲ್ಲಿ ಕೂಡಿಸುವ ಸಮ್, ಜರ್ಮನ್ ಆವೃತ್ತಿಯಲ್ಲಿ ಸುಮ್ಮೆ, ಫ್ರೆಂಚಿನಲ್ಲಿ ಸೊಮ್. ಜರ್ಮನಿಯಲ್ಲಿ ಬರೆದ ಕಡತವನ್ನು ಪ್ಯಾರಿಸ್ಸಿನಲ್ಲಿ ತೆರೆದರೆ ಫಾರ್ಮುಲಾ ತಾನೇ ಫ್ರೆಂಚಾಗುತ್ತದೆ, ಒಂದಿಷ್ಟೂ ತಪ್ಪಿಲ್ಲದೆ. ಗುಟ್ಟು ಬಹಳ ಸರಳ. ಎಕ್ಸೆಲ್‌ನ ಹಳೆಯ ಕಡತಗಳ ಒಳಗೆ ಹೆಸರೇ ಇರುತ್ತಿರಲಿಲ್ಲ, ಒಂದು ಸಂಖ್ಯೆ ಇರುತ್ತಿತ್ತು. ಸಮ್‌ನ ಸಂಖ್ಯೆ 4. ತೆರೆದವನ ಭಾಷೆಯಲ್ಲಿ 4ಕ್ಕೆ ಏನೆನ್ನುತ್ತಾರೋ ಅದನ್ನು ತೋರಿಸಿದರಾಯಿತು. ದೊಡ್ಡಮ್ಮನ 'ಬಲೆ'ಯ ಹಿಂದೆ ಅಂಥ ಸಂಖ್ಯೆ ಎಲ್ಲಿಂದ ತರುವುದು?

ನಮ್ಮ ಕನ್ನಡದ ಕಥೆ ಇನ್ನೂ ಸೊಗಸು. ಬರಹ, ನುಡಿಗಳಲ್ಲಿ ಎಕ್ಸೆಲ್ ಶೀಟು ತುಂಬಿಸಿದ ಹಳೆಯ ತಲೆಗಳಿಗೆ ನೆನಪಿರಬೇಕು. ತೆರೆಯ ಮೇಲೆ ಚೆಂದದ ಕನ್ನಡ, ಫಾಂಟ್ ಬದಲಾಯಿಸಿದ ಕೂಡಲೇ ಕೊಕ್ಕೆ ಕೊಂಬುಗಳಿರುವ ಯುರೋಪಿನ ಅಕ್ಷರಗಳ ಜಾತ್ರೆ. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡ ಇರಲೇ ಇಲ್ಲ. ಲ್ಯಾಟಿನ್ ಸಂಕೇತಗಳಿಗೆ ಕನ್ನಡದ ವೇಷ ಹಾಕಿಸಿದ್ದೆವು, ಅಷ್ಟೆ. ಅಕಾರಾದಿ ಜೋಡಿಸಿ ಎಂದರೆ ತೋಚಿದಂತೆ ಜೋಡಿಸುತ್ತಿತ್ತು. ಅಂಥ ಸೆಲ್ಲನ್ನು ಯಾವ ಪತ್ತೇದಾರನಿಗೆ ಕೊಟ್ಟರೂ ಕನ್ನಡ ಎಂದು ಹೇಳಲಾರ.

ಯುನಿಕೋಡ್ ಆ ವೇಷ ಕಳಚಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಜಾಗಗಳ ಒಂದು ಕೇರಿ ಸಿಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟ್ ಬಂದು ಅದು ಮನೆಮನೆಗೆ ತಲುಪಿತು. ಆದರೆ ಒಂದು ವಿಷಯ ಗಮನಿಸಿ. ಯುನಿಕೋಡ್ ಎಣಿಸುವುದು ಲಿಪಿಯನ್ನು, ಭಾಷೆಯನ್ನಲ್ಲ. ಆ ಕೇರಿಯ ಬೋರ್ಡಿನಲ್ಲಿ 'ಕನ್ನಡ' ಎಂದಿದ್ದರೂ ಒಳಗೆ ತುಳು, ಕೊಡವ, ಬ್ಯಾರಿ, ಮಂಗಳೂರಿನ ಕೊಂಕಣಿ ಎಲ್ಲವೂ ಬಾಡಿಗೆಗಿವೆ. ಬೋರ್ಡು ಓದಿದವರಿಗೆ ಬಾಡಿಗೆದಾರರು ಕಾಣುವುದಿಲ್ಲ.

ಭಾಷೆ ಗುರುತಿಸುವ ವಿದ್ಯೆ ಬೇರೆಯೇ ಕಡೆ ಬೆಳೆಯುತ್ತಿತ್ತು. 1994ರಲ್ಲಿ ಕ್ಯಾವ್‌ನರ್ ಮತ್ತು ಟ್ರೆಂಕಲ್ ಎಂಬಿಬ್ಬರು ಒಂದು ಪ್ರಬಂಧ ಬರೆದರು. ಬರಹವನ್ನು ಒಂದರಿಂದ ಐದು ಅಕ್ಷರಗಳವರೆಗಿನ ತುಣುಕುಗಳಾಗಿ ಕತ್ತರಿಸಿ, ಯಾವ ತುಣುಕು ಎಷ್ಟು ಸಲ ಬಂತೆಂದು ಎಣಿಸಿ, ಹೆಚ್ಚಿನಿಂದ ಕಡಿಮೆಗೆ ಸಾಲು ಹಚ್ಚುವುದು. ಪ್ರತಿ ಭಾಷೆಗೂ ಅದರದೇ ಸಾಲು ಇರುತ್ತದೆ. ಹೊಸ ಬರಹದ ಸಾಲು ಯಾರದಕ್ಕೆ ಹತ್ತಿರವೋ ಅದೇ ಭಾಷೆ. ವ್ಯಾಕರಣ ಬೇಡ, ನಿಘಂಟು ಬೇಡ. ಯೂಸ್‌ನೆಟ್ ಲೇಖನಗಳ ಮೇಲೆ ಪರೀಕ್ಷಿಸಿದಾಗ 99.8 ಶೇಕಡಾ ಸರಿ ಬಂತಂತೆ. ಎಂಥ ಸರಳ ಉಪಾಯ! ಆದರೆ ಒಂದು ಲೇಖನದಲ್ಲಿ ಎಣಿಸುವುದಕ್ಕೆ ಬೇಕಾದಷ್ಟು ಅಕ್ಷರ ಇರುತ್ತದೆ. ಸ್ಪ್ರೆಡ್‌ಶೀಟಿನ ಸೆಲ್‌ನಲ್ಲಿ ಇರುವುದು ಒಂದು ಪದ. 'ಬಲೆ'ಯಲ್ಲಿ ಎಣಿಸುವುದೇನನ್ನು?

ಆಮೇಲೆ ಬಂದವರು ಇನ್ನೊಂದು ಅಡ್ಡದಾರಿ ಕಂಡುಕೊಂಡರು. ಗೂಗಲ್ 2013ರಲ್ಲಿ ಮೂಲಸಂಕೇತ ಸಮೇತ ಹೊರಬಿಟ್ಟ ಸಿಎಲ್‌ಡಿ2 ಎಂಬ ಭಾಷಾ ಪತ್ತೇದಾರನ ಕ್ರಮ ನೋಡಿ. ತನ್ನ ಪಟ್ಟಿಯಲ್ಲಿ ಒಂದು ಲಿಪಿಗೆ ಒಂದೇ ಭಾಷೆ ಇದ್ದರೆ ಎಣಿಸುವ ಗೋಜಿಗೇ ಹೋಗುವುದಿಲ್ಲ. ಗ್ರೀಕ್ ಅಕ್ಷರ ಕಂಡರೆ ಗ್ರೀಕ್, ಥಾಯ್ ಅಕ್ಷರ ಕಂಡರೆ ಥಾಯ್. ಕನ್ನಡ ಅಕ್ಷರ ಕಂಡರೆ? ಅದೇ. ಇಂಗ್ಲಿಷ್, ಫ್ರೆಂಚ್, ಇಂಡೊನೇಷಿಯನ್ ಎಂದು ಜಗಳಾಡುವ ಲ್ಯಾಟಿನ್‌ಗಾಗಿ ಅಷ್ಟೆಲ್ಲ ಲೆಕ್ಕ. ನಮ್ಮದಕ್ಕೆ ಬಾಗಿಲಲ್ಲೇ ತೀರ್ಪು.

ಸ್ಪ್ರೆಡ್‌ಶೀಟು ಮತ್ತು ಅನುವಾದ ಒಂದಾದದ್ದು ಎರಡೂ ಜಾಲಕ್ಕೆ ಬಂದ ಮೇಲೆ. ಗೂಗಲ್‌ನ ಅಂಕಿಅಂಶದ ಅನುವಾದ ಯಂತ್ರವೂ ಅದರ ಸ್ಪ್ರೆಡ್‌ಶೀಟೂ ಹೊರಬಂದದ್ದು ಒಂದೇ ವರ್ಷ, 2006ರಲ್ಲಿ. ಮುಂದೆ ಗೂಗಲ್‌ಟ್ರಾನ್ಸ್‌ಲೇಟ್, ಡಿಟೆಕ್ಟ್‌ಲ್ಯಾಂಗ್ವೇಜ್ ಎಂಬ ಎರಡು ಫಂಕ್ಷನ್‌ಗಳು ಸಮ್, ಆವರೇಜ್‌ಗಳ ಪಕ್ಕದಲ್ಲೇ ಬಂದು ಕೂತವು. ಮೂಲ ಯಾವ ಭಾಷೆ ಎಂದು ನೀವೇ ಹೇಳಬಹುದು, ಇಲ್ಲವೇ 'ಆಟೊ' ಎಂದು ಬಿಟ್ಟರೆ ಅದೇ ಊಹಿಸುತ್ತದೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ, ತಮಿಳು, ತೆಲುಗು, ಬಂಗಾಳಿ, ಗುಜರಾತಿಗಳ ಜೊತೆ. ಮೊದಮೊದಲ ಆ ಕನ್ನಡ ಓದಿ ನಕ್ಕವರೇ ನಾವೆಲ್ಲ. 2017ರಲ್ಲಿ ನರಜಾಲದ ಪದ್ಧತಿ ಬಂದ ಮೇಲೆ ನಗು ಕಡಿಮೆಯಾಯಿತು. ಎಕ್ಸೆಲ್ ಇಂಥದೇ ಎರಡು ಫಂಕ್ಷನ್ ತಂದದ್ದು ಬಹಳ ತಡವಾಗಿ, 2024ರಲ್ಲಿ.

2022ರಲ್ಲಿ ಗೂಗಲ್ ಅನುವಾದಕ್ಕೆ ಕೊಂಕಣಿ ಬಂತು, ಆದರೆ ದೇವನಾಗರಿಯಲ್ಲಿ. ಮಂಗಳೂರಿನ ಕೊಂಕಣಿಗರು ಕನ್ನಡ ಅಕ್ಷರದಲ್ಲಿ ಬರೆದದ್ದಕ್ಕೆ ಅದರಿಂದ ಏನೂ ಸಿಗಲಿಲ್ಲ. 2024ರ ಜೂನ್‌ನಲ್ಲಿ ಒಮ್ಮೆಗೇ 110 ಭಾಷೆಗಳನ್ನು ಸೇರಿಸಿದಾಗ ಅವುಗಳಲ್ಲಿ ತುಳುವೂ ಇತ್ತು. 2011ರ ಜನಗಣತಿ ಲೆಕ್ಕದಲ್ಲಿ 18 ಲಕ್ಷಕ್ಕೂ ಹೆಚ್ಚು ಜನರ ಭಾಷೆ. ಅಲ್ಲಿಯವರೆಗೆ ಅದರ ಪಟ್ಟಿಯಲ್ಲಿ ಕನ್ನಡ ಲಿಪಿಯ ಎದುರು ಇದ್ದದ್ದು ಒಂದೇ ಹೆಸರು. ಅದು ತುಳುವನ್ನು ಕನ್ನಡ ಎಂದದ್ದರಲ್ಲಿ ಆಶ್ಚರ್ಯವಿಲ್ಲ, ಬೇರೆ ಉತ್ತರವೇ ಅದರ ಬಳಿ ಇರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೂ ಪ್ರತ್ಯೇಕ ಜಾಗ ದೊರಕಿತು. ಆ ಲಿಪಿಯಲ್ಲಿ ಬರೆದರೆ ಕನ್ನಡ ಎಂದು ಯಾರೂ ತಪ್ಪು ತಿಳಿಯಲಾರರು, ನಿಜ. ಆದರೆ ನಮ್ಮ ದೊಡ್ಡಮ್ಮನಿಗೆ ಅದನ್ನು ಓದಲು ಬರುವುದಿಲ್ಲ, ನನಗೂ ಬರುವುದಿಲ್ಲ.

ನನಗೆ ಬೇಸರ ತಂದದ್ದು ತಪ್ಪು ಅನುವಾದವಲ್ಲ. ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಕೆ-ಎನ್, ಕೆ-ಎನ್ ಎಂದು ಸಾಲಾಗಿ ಬಂದ ಆ ಕಾಲಂ ಇದೆಯಲ್ಲ, ಅದನ್ನು ನೋಡಿದವರಿಗೆ ಅಲ್ಲಿ ತಪ್ಪಾಗಿದೆ ಎಂದೇ ತಿಳಿಯುವುದಿಲ್ಲ. ಇಂಥ ಪಟ್ಟಿಗಳನ್ನು ಒಟ್ಟುಹಾಕಿ ಯಾರೋ ಲೆಕ್ಕ ಮಾಡಿದರೆ ಅದರಲ್ಲಿ ತುಳು ಸೊನ್ನೆ. ಇಂಗ್ಲಿಷಿನ ಎದುರು ನಮ್ಮದನ್ನು ಲೆಕ್ಕಕ್ಕೇ ಇಡುವುದಿಲ್ಲ ಎಂದು ಗೊಣಗುವ ಕನ್ನಡಿಗರಾದ ನಮಗೆ ಇದು ಹೊಸ ಅನುಭವವೇನಲ್ಲ. ಈ ಸಲ ನಮ್ಮ ಹೆಸರಿನ ಕೆಳಗೆ ನೆರೆಯವರು ಮರೆಯಾಗಿದ್ದಾರೆ, ಅಷ್ಟೇ ವ್ಯತ್ಯಾಸ.

ಸದ್ಯ ಫಾರ್ಮುಲಾಗಳನ್ನೆಲ್ಲ ಅಳಿಸಿದ್ದೇನೆ. ನಾಲ್ಕನೇ ಕಾಲಂ ಮಾಡಿ ಪ್ರತಿ ಸಾಲಿಗೂ 'ತುಳು' ಎಂದು ನಾನೇ ಬರೆದೆ. ಭಾನುವಾರ ಸಂಜೆ ದೊಡ್ಡಮ್ಮನಿಗೆ ಫೋನ್ ಹಚ್ಚಿ ಒಂದೊಂದೇ ಪದ ಓದುವುದು, ಅವರು ಅರ್ಥ ಹೇಳುವುದು. ಕಳೆದ ವಾರ 'ಕಂಡ'ಕ್ಕೆ ಬಂದೆವು. ಗದ್ದೆ ಅಂತ ಬರೆದುಕೊಂಡು ಮುಂದೆ ಹೋಗೋಣ ಅಂದರೆ ಬಿಡಲಿಲ್ಲ. ಮನೆಯೆದುರಿನ ಗದ್ದೆ, ತೋಡಿನಾಚೆಯ ಗದ್ದೆ, ಮಾರಿಹೋದ ಗದ್ದೆ, ಪ್ರತಿಯೊಂದಕ್ಕೂ ಒಂದು ಹೆಸರು. ಆ ಒಂದು ಸಾಲು ಈಗ ಹನ್ನೊಂದು ಸಾಲಾಗಿದೆ.