ಮಾರಾಟಕ್ಕಿರುವ ಮನೆಯೊಂದರ ಪೂರ್ವೋತ್ತರ

ಸ್ಕಾಟ್‌ಲೆಂಡಿನ ಈಶಾನ್ಯ ಕರಾವಳಿಯ ವಿಕ್ ಪಟ್ಟಣದಲ್ಲಿ ಹಳೆಯ ಸಾಲುಮನೆಯೊಂದು ಮಾರಾಟಕ್ಕೆ ಬಂದರೆ ಜಾಹೀರಾತು ಹೇಳುವುದು ಕೆಲವೇ ಮಾತು: ಇಷ್ಟು ಕೋಣೆ, ಹಿಂದೆ ಪುಟ್ಟ ಅಂಗಳ, ಬಂದರು ಸಮೀಪ, ಕುಟುಂಬವಾಸಕ್ಕೆ ಯೋಗ್ಯ. ಈ ಕೊನೆಯ ಮಾತಿನ ಬಳಿ ನಾವು ತುಸು ನಿಲ್ಲಬೇಕು. ಆ ಗೋಡೆಗಳ ನಡುವೆ ಬಾಳಿದವರು ಯಾರು?

ವಿಕ್ ನದಿಯ ದಕ್ಷಿಣ ದಡದ ಪಲ್ಟ್ನಿಟೌನ್ ತಾನಾಗಿ ಬೆಳೆದ ಊರಲ್ಲ. 1786ರಲ್ಲಿ ಹುಟ್ಟಿದ ಬ್ರಿಟಿಷ್ ಫಿಶರೀಸ್ ಸೊಸೈಟಿ, 19ನೆಯ ಶತಮಾನದ ಆರಂಭದಲ್ಲಿ, ಹೆರಿಂಗ್ ಮೀನುಗಾರಿಕೆಗೆಂದೇ ಅದನ್ನು ಕಟ್ಟಿಸಿತು. ನಕ್ಷೆ ಥಾಮಸ್ ಟೆಲ್ಫರ್ಡನದು. ಹೆಸರು ಸೊಸೈಟಿಯ ಗವರ್ನರ್ ಆಗಿದ್ದ ಸರ್ ವಿಲಿಯಂ ಪಲ್ಟ್ನಿಯದು. ಕೆಳಪೇಟೆಯಲ್ಲಿ ಮೀನಿಗೆ ಉಪ್ಪು ಹಾಕುವ ಅಂಗಳಗಳು, ಉಗ್ರಾಣಗಳು. ಮೇಲುಪೇಟೆಯಲ್ಲಿ ವಾಸದ ಸಾಲುಮನೆಗಳು. ಕುರಿಸಾಕಣೆಗಾಗಿ ಒಳನಾಡಿನ ಕಣಿವೆಗಳಿಂದ ಒಕ್ಕಲೆಬ್ಬಿಸಲ್ಪಟ್ಟ ಜನ ಕಡಲತಡಿಯಲ್ಲಿ ಹೊಸ ಬದುಕನ್ನು ಅರಸುತ್ತಿದ್ದ ಕಾಲವದು.

ಬೇಸಗೆಯ ಸುಗ್ಗಿಯಲ್ಲಿ ಊರಿನ ಜನಸಂಖ್ಯೆ ಸಾವಿರಗಟ್ಟಲೆ ಏರುತ್ತಿತ್ತು. ಹೈಲ್ಯಾಂಡಿನಿಂದ ದುಡಿಯಲು ಬಂದವರಿಗೆ ಮನೆಗಳ ಅಟ್ಟವೂ ಬಿಡಾರವೇ. ಹೆಂಗಸರು ಮೂವರ ತಂಡಗಳಲ್ಲಿ ದುಡಿಯುತ್ತಿದ್ದರು: ಇಬ್ಬರು ಮೀನು ಸೀಳುವವರು, ಒಬ್ಬಳು ಪೀಪಾಯಿಗೆ ತುಂಬುವವಳು. ಚಾಕುವಿನ ಗಾಯಕ್ಕೆ ಉಪ್ಪು ತಾಗದಿರಲೆಂದು ಬೆರಳುಗಳಿಗೆ ಬಟ್ಟೆಯ ಚಿಂದಿ ಸುತ್ತಿಕೊಳ್ಳುತ್ತಿದ್ದರು. ಹಾಗಾಗಿ ಒಂದು ಮನೆಯೆಂದರೆ ಒಂದು ಕುಟುಂಬವೆಂಬ ಲೆಕ್ಕ ಅಲ್ಲಿ ಸಲ್ಲದು.

1848ರ ಆಗಸ್ಟಿನ ಬಿರುಗಾಳಿಯಲ್ಲಿ ವಿಕ್ ಬಂದರಿನ 37 ಮಂದಿ ಮೀನುಗಾರರು ಮಡಿದರು. ದೋಣಿಗಳಿಗೆ ಮೇಲ್ತಟ್ಟು ಇರಲಿಲ್ಲ. ಇಳಿತದ ವೇಳೆ ಬಂದರಿನಲ್ಲಿ ಸಾಕಷ್ಟು ನೀರೂ ಇರಲಿಲ್ಲ. ದಡದ ಕಣ್ಣೆದುರೇ ಸಾವು ಸಂಭವಿಸಿತು. ಮರುವರ್ಷ ಕ್ಯಾಪ್ಟನ್ ವಾಷಿಂಗ್ಟನ್ ಸಲ್ಲಿಸಿದ ವರದಿ ಮೇಲ್ತಟ್ಟಿನ ದೋಣಿಗಳನ್ನೂ ಉತ್ತಮ ಬಂದರುಗಳನ್ನೂ ಕೇಳಿತು. 1863ರಲ್ಲಿ ಸ್ಟೀವನ್‌ಸನ್ ಎಂಜಿನಿಯರುಗಳು ಆರಂಭಿಸಿದ ಅಲೆತಡೆಗೋಡೆಯನ್ನು ಕಡಲು ಮತ್ತೆ ಮತ್ತೆ ಕೆಡವಿತು. ಕೊನೆಗೆ ಕೆಲಸವನ್ನೇ ಕೈಬಿಡಬೇಕಾಯಿತು. 1940ರ ಜುಲೈ 1ರಂದು ಬಂದರಿನ ಬಳಿಯ ಬ್ಯಾಂಕ್ ರೋ ಬೀದಿಯ ಮೇಲೆ ಬಾಂಬು ಬಿದ್ದು 15 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು.

ಇನ್ನು ಒಡೆತನದ ಮಾತು. ಸ್ಕಾಟ್‌ಲೆಂಡಿನಲ್ಲಿ ಹಿಂದೆ ಭೂಮಿ ಕೈಬದಲಾಗುವಾಗ ಆ ನೆಲದ ಮೇಲೆಯೇ ನಿಂತು ಹಿಡಿಮಣ್ಣನ್ನೂ ಕಲ್ಲನ್ನೂ ಕೈಗಿಡುವ ಪದ್ಧತಿಯಿತ್ತು. ಇದರ ಹೆಸರು ಸೇಸಿನ್. ನಮ್ಮ ಶಾಸನಗಳ ಧಾರಾಪೂರ್ವಕ ದಾನ ಇಲ್ಲಿ ನೆನಪಾಗದಿರದು. ನಮ್ಮಲ್ಲಿ ನೀರು, ಅಲ್ಲಿ ಮಣ್ಣು. 1845ರಲ್ಲಿ ಆ ವಿಧಿಯ ಅಗತ್ಯ ತಪ್ಪಿತು. ಆದರೆ ಮೇಲಿನ ಒಡೆಯನಿಗೆ ಅಧೀನವಾಗಿ ನೆಲ ಹಿಡಿಯುವ 'ಫ್ಯೂ' ಪದ್ಧತಿ ಸಂಪೂರ್ಣ ಅಳಿದದ್ದು 2004ರ ನವೆಂಬರ್ 28ರಂದು. ಅಲ್ಲಿಯವರೆಗೆ ಕ್ರಯ ಕೊಟ್ಟು ಕೊಂಡವನೂ, ಕಾನೂನಿನ ಭಾಷೆಯಲ್ಲಿ, ಒಬ್ಬ ಅಧೀನನೇ.

ಕ್ರಯಪತ್ರದಲ್ಲಿ ಒಡೆಯರ ಹೆಸರುಗಳು ಸಾಲುಸಾಲಾಗಿ ಉಳಿಯುತ್ತವೆ. ಅಟ್ಟದಲ್ಲಿ ಮಲಗಿ, ಬೆಳಗಿನಲ್ಲಿ ಬೆರಳಿಗೆ ಚಿಂದಿ ಸುತ್ತಿಕೊಂಡು ಹೊರಟ ಹೆಂಗಸಿನ ಹೆಸರು ಅದರಲ್ಲಿ ಇರುವುದಿಲ್ಲ. ಮುಂಬಯಿಯ ಚಾಳುಗಳಲ್ಲಿ ನಮ್ಮ ಹಿರಿಯರೂ ಹೀಗೆಯೇ ಒಂದು ಕೋಣೆಯನ್ನು ಹತ್ತು ಜನ ಹಂಚಿಕೊಂಡು ದುಡಿದರು. ಆ ಕೋಣೆಗಳ ಕಾಗದಪತ್ರಗಳಲ್ಲಿ ಅವರೆಷ್ಟು ಮಂದಿಯ ಹೆಸರಿದೆ? ಮನೆಯ ಚರಿತ್ರೆಯನ್ನು ಬರೆಯುವಾಗ ನಾವು ಒಡೆಯರ ಪಟ್ಟಿಯಿಂದಲ್ಲ, ಅಲ್ಲಿ ಮಲಗಿ ಎದ್ದವರಿಂದ ಆರಂಭಿಸುವುದು ನ್ಯಾಯ.