ಗೋಡೆಯೊಳಗಿನ ಮೂರನೆಯ ರಂಧ್ರ

ಬೆಳಗಿನ ಜಾವದಲ್ಲಿ ಹುಬ್ಬಳ್ಳಿ, ಬೆಳಗಾವಿ, ವಿಜಯಪುರಗಳ ಕಡೆಯಿಂದ ಬರುವ ಬಸ್ಸುಗಳು ಸ್ವಾರಗೇಟಿನಲ್ಲಿ ನಿಲ್ಲುತ್ತವೆ. ಹಾಸಿಗೆಯ ಸುರುಳಿ, ಟ್ರಂಕು, ರೊಟ್ಟಿಯ ಗಂಟು ಇವುಗಳೊಡನೆ ಇಲ್ಲಿ ಕೆಳಗಿಳಿದ ಎಷ್ಟೋ ಕನ್ನಡ ಕುಟುಂಬಗಳ ಪುಣೆಯ ಬಾಳು ಇದೇ ನಿಲ್ದಾಣದಿಂದ ಆರಂಭವಾಗಿದೆ. 2024ರಿಂದ ಈ ನೆಲದ ಅಡಿಯಲ್ಲಿ ಮೆಟ್ರೋ ರೈಲು ಕೂಡ ಬಂದು ನಿಲ್ಲುತ್ತಿದೆ. ಆದರೆ ಹೊಸದಾಗಿ ಬಂದವನ ಮೊದಲ ಕೆಲಸ ಮಾತ್ರ ಬದಲಾಗಿಲ್ಲ. ಅದು ಬಾಡಿಗೆಯ ಮನೆ ಹುಡುಕುವದು. ನಳಕ್ಕೆ ನೀರು ಎಷ್ಟು ಹೊತ್ತು ಬರುತ್ತದೆ, ಮಾಳಿಗೆ ಸೋರುತ್ತದೆಯೇ, ಶಾಲೆ ಎಷ್ಟು ದೂರ ಎಂದೆಲ್ಲ ನಾವು ಕೇಳುತ್ತೇವೆ. ಗೋಡೆಯ ಮೇಲಿನ ಪ್ಲಗ್ ಪಾಯಿಂಟಿನ ಕಡೆಗೆ ಕಣ್ಣು ಹಾಯಿಸುವವರು ವಿರಳ. ಆ ಪುಟ್ಟ ವಸ್ತುವಿಗೂ ಒಂದು ಇತಿಹಾಸವಿದೆ. ಅದನ್ನು ತಿಳಿಯದೆ ಹೋದದ್ದರ ಬೆಲೆಯನ್ನು ನಮ್ಮ ಮನೆಯವರು ಒಮ್ಮೆ ಕೊಟ್ಟಿದ್ದಾರೆ.

1967ರ ಮಳೆಗಾಲದ ಮಾತು. ಸ್ವಾರಗೇಟಿನ ಸಮೀಪದ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆಗಳ ಬಿಡಾರ ನಮ್ಮದು. ನಾನಾಗ ಒಂಬತ್ತು ವರ್ಷದ ಹುಡುಗ. ಸೀಮೆಎಣ್ಣೆ ಸಿಕ್ಕದ ದಿನಗಳಿಗೆಂದು ಅಪ್ಪ ಒಂದು ವಿದ್ಯುತ್ ಒಲೆಯನ್ನು ತಂದಿಟ್ಟಿದ್ದರು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಪಾತ್ರೆ ಇಳಿಸಹೋದ ಅವ್ವನ ಕೈ ಒಲೆಯ ಕಬ್ಬಿಣದ ಅಂಚಿಗೆ ತಗಲಿ ಅಲ್ಲಿಯೇ ಕಚ್ಚಿಕೊಂಡಿತು. ನಾನು ಅವ್ವನನ್ನು ಹಿಡಿದೆಳೆಯಲು ಓಡಿದೆ. ಪಕ್ಕದ ಮನೆಯ ಮರಾಠಿ ಕಾಕೂ “ಹಾತ ಲಾವೂ ನಕೋ!” ಎಂದು ಕೂಗಿ, ಓಡಿ ಬಂದು ಮೆಯಿನ್ ಸ್ವಿಚ್ಚನ್ನು ಆರಿಸಿದರು. ಅವ್ವ ಉಳಿದಳು; ಕೈಯ ನಡುಕ ಹಲವು ದಿನ ಹೋಗಲಿಲ್ಲ. ಮರುದಿನ ಬಂದ ವಾಯರಮನ್ ಗೋಡೆಯ ಸಾಕೆಟ್ಟನ್ನು ಬಿಚ್ಚಿ ಅಪ್ಪನಿಗೆ ತೋರಿಸಿದನು. ಮುಂದೆ ಮೂರು ರಂಧ್ರಗಳಿದ್ದವು. ಹಿಂದೆ ಎರಡೇ ತಂತಿಗಳಿದ್ದವು. ಮೇಲಿನ ದೊಡ್ಡ ರಂಧ್ರ ಬರಿಯ ತೋರಿಕೆಯದಾಗಿತ್ತು.

ಆ ಮೂರನೆಯ ರಂಧ್ರ ಏಕೆ ಬಂದಿತು, ಎಂದು ಬಂದಿತು ಎಂಬದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಿದ್ಯುಚ್ಛಕ್ತಿಯ ವಿಷಯದಲ್ಲಿ ಕನ್ನಡ ನಾಡು ಹಿಂದುಳಿದುದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಈಚೆ ಸಹ್ಯಾದ್ರಿಯಲ್ಲಿ ಟಾಟಾ ಅವರ ಖೋಪೋಲಿಯ ಕೇಂದ್ರವು 1915ರಲ್ಲಿ ಮುಂಬಯಿಯ ಗಿರಣಿಗಳಿಗೆ ಶಕ್ತಿ ಕೊಡತೊಡಗಿತು. 1930ರ ಜೂನ್ 1ರಂದು ಆರಂಭವಾದ ಡೆಕ್ಕನ್ ಕ್ವೀನ್ ಗಾಡಿ ವಿದ್ಯುತ್ ಎಂಜಿನ್ನಿನ ಬಲದಿಂದ ಘಟ್ಟ ಹತ್ತಿ ಪುಣೆಗೆ ಬಂದಿತು. 1948ರಲ್ಲಿ ಜೋಗದ ವಿದ್ಯುದಾಗಾರವೂ ಕೆಲಸಕ್ಕೆ ನಿಂತಿತು.

ಇಷ್ಟಾದರೂ ಸಾಮಾನ್ಯ ಗೃಹಸ್ಥನ ಮನೆಗೆ ಮೊದಲು ಬಂದದ್ದು ದೀಪ ಮಾತ್ರ. ತೇಗದ ಪಟ್ಟಿಗಳ ಮೇಲೆ ರಬ್ಬರು ಹೊದಿಕೆಯ ತಂತಿ, ಪಿಂಗಾಣಿಯ ಫ್ಯೂಜು, ಮರದ ದುಂಡನೆಯ ಬಿಲ್ಲೆಯ ಮೇಲೆ ಕಪ್ಪು ಸ್ವಿಚ್ಚು, ಮಾಡಿನಿಂದ ಇಳಿಬಿದ್ದ ಒಂದು ಬಲ್ಬು: ಇಷ್ಟೇ ಅದರ ಸಂಸಾರ. ದೀಪ ನೆತ್ತಿಯ ಮೇಲಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಯಾರೂ ಕೆಲಸ ಮಾಡುವದಿಲ್ಲ. ಆದ್ದರಿಂದ ಎರಡು ತಂತಿಗಳು ಸಾಕಾಗಿದ್ದವು.

ತೊಡಕು ಹುಟ್ಟಿದ್ದು ಇಸ್ತ್ರಿ, ಒಲೆ, ನೀರು ಕಾಸುವ ಉಪಕರಣಗಳು ಬಂದ ಮೇಲೆ. ಆರಂಭದಲ್ಲಿ ಬಲ್ಬನ್ನು ತೆಗೆದು ಅದರ ಹೋಲ್ಡರಿಗೇ ಇವುಗಳನ್ನು ಜೋಡಿಸುತ್ತಿದ್ದರು. ಅಮೇರಿಕೆಯ ಹಾರ್ವೆ ಹಬೆಲ್ ಎಂಬವನು 1904ರಲ್ಲಿ ಪೇಟೆಂಟು ಪಡೆದ, ಎಳೆದರೆ ಕಳಚುವ ಪ್ಲಗ್ಗು ಕೂಡ ದೀಪದ ಹೋಲ್ಡರಿನಲ್ಲಿ ಕೂಡುವಂಥದೇ. ಆದರೆ ಈ ಹೊಸ ಉಪಕರಣಗಳ ಮೈ ಲೋಹದ್ದು, ಅವನ್ನು ಹಿಡಿಯುವದು ಕೈಯಿಂದ. ಒಳಗಿನ ತಂತಿ ಸವೆದು ಲೋಹಕ್ಕೆ ತಗಲಿದರೆ ಇಡೀ ಮೈಯೇ ವಿದ್ಯುತ್ತಿನಿಂದ ತುಂಬಿ, ಮುಟ್ಟುವ ಕೈಗಾಗಿ ಕಾದು ಕುಳಿತಿರುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರವೇ ಮೂರನೆಯ ಪಿನ್ನು. ಅದರ ತಂತಿ ಉಪಕರಣದ ಲೋಹದ ಮೈಯನ್ನು ನೆಲದೊಳಗೆ ಹೂತ ಲೋಹದ ತಗಡಿಗೋ ಕೊಳವೆಗೋ ಕೂಡಿಸುತ್ತದೆ. ದೋಷವಾದೊಡನೆ ವಿದ್ಯುತ್ತು ಮನುಷ್ಯನ ಮೈಯನ್ನು ಬಿಟ್ಟು ಈ ಸುಲಭದ ದಾರಿಯಲ್ಲಿ ರಭಸದಿಂದ ಹರಿಯುತ್ತದೆ; ಫ್ಯೂಜು ಹಾರಿ ಅಪಾಯ ನಿಲ್ಲುತ್ತದೆ. ಬ್ರಿಟನ್ನಿನ 546ನೆಯ ಮಾನಕವು ದುಂಡು ಪಿನ್ನುಗಳ ಈ ಮಾದರಿಯನ್ನು 1934ರಲ್ಲಿ ಗೊತ್ತುಪಡಿಸಿತು. ಭೂಸಂಪರ್ಕದ ಪಿನ್ನನ್ನು ಉಳಿದೆರಡಕ್ಕಿಂತ ದಪ್ಪವಾಗಿಯೂ ಉದ್ದವಾಗಿಯೂ ಮಾಡಿದ್ದಕ್ಕೆ ಕಾರಣವಿದೆ: ಅದು ಎಲ್ಲಕ್ಕಿಂತ ಮೊದಲು ಒಳಹೊಕ್ಕು, ಎಲ್ಲಕ್ಕಿಂತ ಕೊನೆಗೆ ಹೊರಬರಬೇಕು. 1947ರಲ್ಲಿ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯು ಇದೇ ಮಾದರಿಯನ್ನು ನಮ್ಮ ದೇಶದ 1293ನೆಯ ಮಾನಕದಲ್ಲಿ ಅಳವಡಿಸಿಕೊಂಡಿತು. ಮುಂದೆ 5 ಆಂಪಿಯರು 6 ಆಯಿತು, 15 ಆಂಪಿಯರು 16 ಆಯಿತು. ಮೂರು ರಂಧ್ರಗಳು ಹಾಗೆಯೇ ಉಳಿದವು. ನಿತ್ಯದ ಕೆಲಸದಲ್ಲಿ ಮೂರನೆಯ ತಂತಿ ಏನನ್ನೂ ಮಾಡುವದಿಲ್ಲ. ಅದು ಇಲ್ಲದಿದ್ದರೂ ಒಲೆ ಕಾಯುತ್ತದೆ, ಇಸ್ತ್ರಿ ನಡೆಯುತ್ತದೆ. ಆದ್ದರಿಂದಲೇ ಖರ್ಚು ಉಳಿಸುವವನಿಗೆ ಮೊದಲು ಬೇಡವೆನಿಸುವದು ಅದೇ. ಅರ್ಥಿಂಗ್ ಇಲ್ಲದ ಪ್ಲಗ್ಗು ಅನರ್ಥಕ್ಕೆ ದಾರಿ ಎಂಬದನ್ನು ನಾವು ಅವ್ವನ ಕೈಯಿಂದ ಕಲಿತೆವು.

ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ಒಂದು ಕಾಕತಾಳೀಯವನ್ನು ನೆನೆಯಬಹುದು. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾದ 1956ರಲ್ಲಿಯೇ ಭಾರತೀಯ ವಿದ್ಯುತ್ ನಿಯಮಗಳೂ ಬಂದವು. ಮನೆಯ ವಿದ್ಯುತ್ ಜೋಡಣೆಯ ಕೆಲಸವನ್ನು ಪರವಾನಗಿಯುಳ್ಳ ಗುತ್ತಿಗೆದಾರರೇ ಮಾಡಬೇಕೆಂದು ಅವು ವಿಧಿಸಿದವು. ಬಲ್ಬು, ಫ್ಯೂಜು, ಸ್ವಿಚ್ಚು ಮುಂತಾದವನ್ನು ಜೋಡಣೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ ಇದ್ದಲ್ಲಿಯೇ ಬದಲಿಸಲು ಮಾತ್ರ ವಿನಾಯಿತಿ ಇತ್ತು. ಆ ನಿಯಮಗಳ ಸ್ಥಾನಕ್ಕೆ 2010ರಲ್ಲಿಯೂ ಮತ್ತೆ 2023ರಲ್ಲಿಯೂ ಹೊಸವು ಬಂದಿವೆ. ಪರವಾನಗಿಯ ತತ್ತ್ವ ಮಾತ್ರ ಉಳಿದಿದೆ. 6 ಆಂಪಿಯರಿನ ಪಾಯಿಂಟನ್ನು ಕಿತ್ತು ಅದೇ ತಂತಿಗೆ 16 ಆಂಪಿಯರಿನದನ್ನು ಕೂಡಿಸುವದು ಬರಿಯ ಬದಲಾವಣೆಯಲ್ಲ, ಅಪಾಯಕ್ಕೆ ಆಮಂತ್ರಣ. 230 ವೋಲ್ಟಿನಲ್ಲಿ 2000 ವ್ಯಾಟಿನ ಗೀಜರು 8.7 ಆಂಪಿಯರು ಎಳೆಯುತ್ತದೆ. ಸಾಕೆಟ್ಟು ಅದನ್ನು ತಾಳಬಹುದು. ಹಿಂದಿನ ತೆಳು ತಂತಿ ತಾಳದು, ಗೋಡೆಯೊಳಗೇ ಕಾಯುತ್ತದೆ.

ಇನ್ನು ಮಕ್ಕಳ ವಿಷಯ. ಸ್ವಾರಗೇಟಿನ ಬಳಿ ಹರಿಯುವ ಮುಠಾ ಕಾಲುವೆಯ ನೀರು ಖಡಕವಾಸಲೆಯಿಂದ ಬರುತ್ತದೆ. ನೀರು ಏರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚುವ ಬಾಗಿಲುಗಳನ್ನು ನಮ್ಮ ವಿಶ್ವೇಶ್ವರಯ್ಯನವರು 1903ರಲ್ಲಿ ಅಲ್ಲಿ ಕೂಡಿಸಿದರು. ಪುಣೆಯಲ್ಲಿಯೇ ಎಂಜಿನಿಯರಿಂಗ್ ಕಲಿತ ಕನ್ನಡಿಗನ ಕೈಚಳಕವದು. ಕಾವಲುಗಾರನ ಎಚ್ಚರವನ್ನೊಂದನ್ನೇ ನೆಚ್ಚದೆ, ಬಾಗಿಲಿಗೇ ಬುದ್ಧಿ ಕೊಡುವ ಇದೇ ಬಗೆಯ ವಿಚಾರವು ಮುಂದೆ ಮನೆಯ ಸಾಕೆಟ್ಟಿಗೂ ಬಂದಿತು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಯುದ್ಧಾನಂತರದ ಮನೆಗಳ ವಿದ್ಯುತ್ ಜೋಡಣೆಯನ್ನು ಕುರಿತು ವಿಚಾರಿಸಲು ಬ್ರಿಟನ್ನಿನಲ್ಲಿ 20 ಜನರ ಸಮಿತಿಯೊಂದು ಕೂಡಿತು. ಅದರಲ್ಲಿದ್ದ ಒಬ್ಬಳೇ ಮಹಿಳೆ ಕ್ಯಾರೊಲಿನ್ ಹ್ಯಾಸ್ಲೆಟ್. ಗೃಹಿಣಿಯರ ಕಷ್ಟವನ್ನು ಬಲ್ಲ ಈ ಎಂಜಿನಿಯರಳು ಮಕ್ಕಳ ಸುರಕ್ಷತೆಗಾಗಿ ವಾದಿಸಿದಳು. 1944ರ ವರದಿಯು ರಂಧ್ರಗಳೊಳಗೆ ಪುಟ್ಟ ಬಾಗಿಲುಗಳಿರಬೇಕೆಂದು ಹೇಳಿತು. 1947ರ ಬ್ರಿಟಿಷ್ ಮಾನಕ ಅದನ್ನು ಒಪ್ಪಿಕೊಂಡಿತು. ಉದ್ದನೆಯ ಭೂಸಂಪರ್ಕದ ಪಿನ್ನು ಒಳಹೊಕ್ಕಾಗ ಮಾತ್ರ ಕೆಳಗಿನ ಎರಡು ರಂಧ್ರಗಳ ಬಾಗಿಲು ತೆರೆಯುವದು ಇದರ ಸಾಮಾನ್ಯ ಏರ್ಪಾಟು. ಮಗುವಿನ ಕೈಯ ಹೇರಪಿನ್ನು ಒಂದು ರಂಧ್ರಕ್ಕೆ ಹೋದರೂ ಒಳಗೆ ತಡೆಯಿರುತ್ತದೆ. ಇಂದು ಪುಣೆಯ ತಪಕೀರ ಗಲ್ಲಿಯ ಅಂಗಡಿಗಳಲ್ಲಿ ‘ಶಟರ್’ ಸಾಕೆಟ್ ಎಂದು ಕೇಳಿದರೆ ಇದನ್ನೇ ಕೊಡುತ್ತಾರೆ.

ಫ್ಯೂಜು ಇದೆಯಲ್ಲ ಎಂದು ಧೈರ್ಯ ಹೇಳುವವರುಂಟು. ಫ್ಯೂಜು ಕಾಯುವದು ತಂತಿಯನ್ನು, ಮನುಷ್ಯನನ್ನಲ್ಲ. ಅದು ಹಾರಲು ಹಲವು ಆಂಪಿಯರು ಬೇಕು. ಮನುಷ್ಯನ ಪ್ರಾಣ ಹೋಗಲು ಒಂದು ಆಂಪಿಯರಿನ ಅಲ್ಪ ಭಾಗವೂ ಸಾಕು. ಆದ್ದರಿಂದ ಈಗ ಮೆಯಿನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿದುಹಾಕುವ ಆರ್‌ಸಿಸಿಬಿ ಎಂಬ ಸಾಧನವನ್ನು ಕೂಡಿಸುತ್ತಾರೆ. 40 ವ್ಯಾಟಿನ ಬಲ್ಬಿನಲ್ಲಿ ಹರಿಯುವ ವಿದ್ಯುತ್ತಿನ ಸುಮಾರು ಆರನೆಯ ಒಂದು ಪಾಲು ಅಷ್ಟು. ಇದು ಮೂರನೆಯ ತಂತಿಗೆ ಬದಲಿಯಲ್ಲ, ಅದರ ಜೊತೆಗಾರ.

ಹೊಸ ಬಿಡಾರಕ್ಕೆ ಹೋಗುವ ಬಂಧುಗಳು ಹಾಲು ಉಕ್ಕಿಸುವ ಮೊದಲು ಒಬ್ಬ ಪರವಾನಗಿಯ ವಾಯರಮನ್‌ನನ್ನು ಕರೆಯಿಸಲಿ. ಮೆಯಿನ್ ಸ್ವಿಚ್ಚು ಆರಿಸಿ, ವಿದ್ಯುತ್ತು ಇಲ್ಲವೆಂದು ಟೆಸ್ಟರಿನಿಂದ ಖಚಿತಪಡಿಸಿಕೊಂಡೇ ಆತ ಸಾಕೆಟ್ಟನ್ನು ಬಿಚ್ಚಬೇಕು. ಹಸಿರು ತಂತಿ ಮೇಲಿನ ರಂಧ್ರದ ಹಿಂದೆ ಇದೆಯೇ, ಇದ್ದರೆ ಅದು ನಿಜವಾಗಿಯೂ ನೆಲವನ್ನು ಮುಟ್ಟಿದೆಯೇ ಎಂದು ಪರೀಕ್ಷಿಸಬೇಕು. ಎದುರಿನಿಂದ ನೋಡಿದರೆ ಬಲಗಡೆಗೆ ಫೇಸ್, ಎಡಗಡೆಗೆ ನ್ಯೂಟ್ರಲ್ ಇರಬೇಕು. ಕಂದಿದ, ಸಡಿಲಾದ, ಬಿಸಿಯಾಗುವ ಸಾಕೆಟ್ಟನ್ನು ಐಎಸ್‌ಐ ಗುರುತಿನ, ಒಳಬಾಗಿಲುಳ್ಳ ಹೊಸದರಿಂದ ಬದಲಿಸಬೇಕು. ಪ್ಲಗ್ಗು ಹೊಂದಲಿಲ್ಲವೆಂದು ಅದರ ಮೂರನೆಯ ಪಿನ್ನನ್ನು ಮುರಿಯುವ ಚಾಣಾಕ್ಷತನ ಬೇಡ.

ನಮ್ಮ ವಾಡೆಯ ಕಥೆಯನ್ನು ಮುಗಿಸಿಬಿಡುತ್ತೇನೆ. ಮನೆಯ ಒಡೆಯರು ಖರ್ಚಿಗೆ ಒಪ್ಪಲಿಲ್ಲ. ಅಪ್ಪ ತಮ್ಮ ಪಗಾರಿನಿಂದಲೇ ಅಂಗಳದಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ತಗಡು ಹೂಳಿಸಿ ತಂತಿ ಎಳೆಯಿಸಿದರು. ಊರಿನಿಂದ ಬಂದ ಸೋದರಮಾವ, “ಭಾವಾರ, ಮಂದಿ ಮನಿಗೆ ಇಷ್ಟ್ಯಾಕ ರೊಕ್ಕಾ ಸುರೀತೀರಿ?” ಎಂದು ಕೇಳಿದಾಗ ಅಪ್ಪ, “ಮನಿ ಅವರದು. ಮಕ್ಕಳು ನಮ್ಮವು ಅಲ್ಲೇನು?” ಎಂದರು. 1974ರಲ್ಲಿ ಆ ಬಿಡಾರ ಬಿಡುವಾಗ ನಾವು ಬಲ್ಬುಗಳನ್ನೂ ಪಂಖವನ್ನೂ ಕಳಚಿಕೊಂಡೆವು. ಸಾಕೆಟ್ಟನ್ನು ಮುಟ್ಟಬೇಡವೆಂದಳು ಅವ್ವ. ನಮ್ಮ ಹಿಂದೆ ಆ ಕೋಣೆಗಳಿಗೆ ಬರುವವರ ಮನೆಯಲ್ಲಿಯೂ ಮಕ್ಕಳಿರಬಹುದು ಎಂದಳು.