ರಾಯಚೂರು ಸೀಮೆಯ ಚಿನ್ನದ ಗಣಿಗಳು: ದಂಡೆಯ ಇಳಿಜಾರು ಮತ್ತು ಅಂಚಿನ ದೂರ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯು ನಾಡಿನ ಚರಿತ್ರೆಯಲ್ಲಿ ಕೋಟೆಗಳಿಗೂ ಕದನಗಳಿಗೂ ಹೆಸರಾದುದು. ಆ ಕದನಗಳಿಗಿಂತ ಬಹು ಹಿಂದೆಯೇ ಇಲ್ಲಿಯ ಜನರು ನೆಲವನ್ನು ತೋಡಿ ಚಿನ್ನವನ್ನು ತೆಗೆಯುತ್ತಿದ್ದರು. ಅವರ ತೋಡುಗಳ ಕಾಲವನ್ನೂ ಆಳವನ್ನೂ ಕುರಿತು ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಆ ತೋಡುಗಳ ದಂಡೆಗಳು ಕುಸಿಯದೆ ನಿಂತುದು ಹೇಗೆ, ಇಂದಿನ ತೆರೆದ ಗಣಿಯ ದಂಡೆಯನ್ನು ಓರೆಯಾಗಿ ಕಡಿಯಬೇಕಾದುದು ಏಕೆ, ಈ ಭೇದದಿಂದ ಚರಿತ್ರೆಯ ಸಾಮಗ್ರಿಗೆ ಒದಗುವ ಗತಿಯೇನು ಎಂಬ ಪ್ರಶ್ನೆಗಳೂ ವಿಚಾರಾರ್ಹವಾಗಿವೆ.

ಈ ಸೀಮೆಯ ಕಲ್ಲು ಮುಖ್ಯವಾಗಿ ಎರಡು ಬಗೆಯದು. ರಾಯಚೂರು ನಗರದ ಕೋಟೆ ನಿಂತಿರುವ ಬೆಟ್ಟವೂ ಮಾನ್ವಿಯ ಸುತ್ತಣ ಗುಡ್ಡಗಳೂ ಗ್ರಾನೈಟಿನವು. ಲಿಂಗಸುಗೂರು, ದೇವದುರ್ಗಗಳ ಕಡೆ ಹಟ್ಟಿ ಮಸ್ಕಿಗಳನ್ನೊಳಗೊಂಡು ಹಬ್ಬಿರುವುದು ಕಪ್ಪುಹಸುರಾದ, ಪದರುಪದರಾದ ಅತಿ ಪುರಾತನ ಶಿಲೆ. ಚಿನ್ನವು ದೊರೆಯುವುದು ಈ ಎರಡನೆಯದರಲ್ಲಿ, ಬೆಣಚುಕಲ್ಲಿನ ಎಳೆಗಳೊಡನೆ. ಹಟ್ಟಿಯ ಎಳೆಗಳು ಬಹುಮಟ್ಟಿಗೆ ಉತ್ತರದಕ್ಷಿಣವಾಗಿ ಸಾಗಿ, ಪಶ್ಚಿಮಕ್ಕೆ ಬಹು ಕಡಿದಾಗಿ ಇಳಿಯುತ್ತವೆ. ಮುಂದಿನ ವಿಚಾರಕ್ಕೆಲ್ಲ ಈ ಕಡಿದಾದ ಇಳುಕಲೇ ಆಧಾರ.

ಹಟ್ಟಿಯ ಪ್ರಾಚೀನ ತೋಡುಗಳು ಸುಮಾರು ೬೪೦ ಅಡಿಗಳಷ್ಟು, ಎಂದರೆ ೧೯೫ ಮೀಟರಿನಷ್ಟು, ಆಳಕ್ಕೆ ಇಳಿದಿದ್ದುವೆಂದು ಗಣಿಗಳನ್ನು ಮತ್ತೆ ತೆರೆದವರು ಕಂಡುಕೊಂಡರು. ೨೫೦ ಅಡಿಗಳ ಆಳದಲ್ಲಿ ದೊರೆತ ಮರದ ತುಂಡುಗಳನ್ನು ಇಂಗಾಲದ ಪರೀಕ್ಷೆಗೆ ಒಳಪಡಿಸಲಾಗಿ, ಅವು ಹೆಚ್ಚುಕಡಿಮೆ ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ತಿಳಿದುಬಂದಿತು. ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಬಿರಿಯಿಸಿ ಒಡೆಯುವ ಕ್ರಮವು ಇಲ್ಲಿ ನಡೆಯುತ್ತಿತ್ತು. ಈಜಿಪ್ಟಿನ ಚಿನ್ನದ ಗಣಿಗಳಲ್ಲಿಯೂ ಇದೇ ಕ್ರಮವಿದ್ದುದನ್ನು ಗ್ರೀಕ್ ಲೇಖಕನಾದ ಡಯೊಡೋರಸನು ವರ್ಣಿಸಿದ್ದಾನೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವನ್ನು ೧೯೧೫ರಲ್ಲಿ ಮೊದಲು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನೆಂಬುದೂ ಸ್ಮರಣೀಯ. ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳು ಹೇಳುವ ಸುವರ್ಣಗಿರಿ ಯಾವುದೆಂಬ ಬಗ್ಗೆ ಮತಭೇದವುಂಟು. ಮಸ್ಕಿಯೆಂದು ಕೆಲವರು, ಕನಕಗಿರಿಯೆಂದು ಕೆಲವರು, ಜೊನ್ನಗಿರಿಯೆಂದು ಮತ್ತೆ ಕೆಲವರು ಹೇಳಿದ್ದಾರೆ. ಇಂತಹ ವಾದಗಳಲ್ಲಿ ಪ್ರಾಚೀನ ಗಣಿಗಳ ಸಾಕ್ಷ್ಯಕ್ಕೂ ಸ್ಥಾನವಿದೆ.

ಹಾಗಾದರೆ ಅಷ್ಟು ಆಳದ ತೋಡುಗಳು ನಿಂತುದು ಹೇಗೆ? ಹಿಂದಿನವರು ಗುಂಡಿಯನ್ನು ಅಗಲವಾಗಿ ತೋಡಲಿಲ್ಲ. ಎಳೆಯು ಹೋದ ದಾರಿಯನ್ನೇ ಹಿಡಿದು, ಅದರ ಅಗಲದಷ್ಟನ್ನೇ ಕಡಿದರು. ಎಳೆಯೂ ಪದರವೂ ಕಡಿದಾಗಿರುವೆಡೆಯಲ್ಲಿ ಪದರದ ಗುಂಟ ಕಡಿದ ಗೋಡೆಯು ಬೇಗನೆ ಜಾರುವುದಿಲ್ಲ. ಸಂದು ಕಿರಿದಾದುದರಿಂದ ಎರಡು ಗೋಡೆಗಳೂ ಹತ್ತಿರವಾಗಿಯೇ ಇದ್ದುವು. ಆಳವು ಹೆಚ್ಚಾದರೂ ಅಗಲವು ಹೆಚ್ಚಲಿಲ್ಲವೆಂಬುದೇ ಇದರ ರಹಸ್ಯ.

ತೆರೆದ ಗಣಿಯ ರೀತಿಯೇ ಬೇರೆ. ಹಟ್ಟಿಯಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿ, ದೇವದುರ್ಗ ತಾಲ್ಲೂಕಿನ ಊಟಿ ಎಂಬಲ್ಲಿ, ಹಟ್ಟಿ ಚಿನ್ನದ ಗಣಿ ಕಂಪನಿಯು ನೆಲವನ್ನು ಮೇಲಿನಿಂದಲೇ ತೆರೆದು ಅದಿರನ್ನು ತೆಗೆದು, ಹಟ್ಟಿಯ ಕಾರ್ಖಾನೆಗೆ ಸಾಗಿಸಿದೆ. ಇಂತಹ ಗಣಿಯಲ್ಲಿ ಮೇಲಿನ ಎರೆಮಣ್ಣು, ಮೊರಂ, ಶಿಥಿಲವಾದ ಕಲ್ಲು ಇವನ್ನು ಮೊದಲು ಸರಿಸಬೇಕು. ಇವು ನೆಟ್ಟಗೆ ನಿಲ್ಲತಕ್ಕವಲ್ಲ. ೧೯೬೧ರ ಲೋಹಗಣಿಗಳ ನಿಯಮಾವಳಿಯು ಮಣ್ಣು ಮೊರಂಗಳ ದಂಡೆಯ ಇಳಿಜಾರು ೪೫ ಡಿಗ್ರಿಯನ್ನು ಮೀರಬಾರದೆಂದೂ, ಇಲ್ಲವಾದರೆ ಒಂದೂವರೆ ಮೀಟರನ್ನು ಮೀರದ ಎತ್ತರದ ಮೆಟ್ಟಿಲುಗಳಾಗಿ ಕಡಿಯಬೇಕೆಂದೂ ವಿಧಿಸಿತು. ಗಟ್ಟಿಯಾದ ಕಲ್ಲಿನಲ್ಲಿ ಮೆಟ್ಟಿಲಿನ ಎತ್ತರಕ್ಕೆ ಅದು ಸಾಮಾನ್ಯವಾಗಿ ೬ ಮೀಟರಿನ ಮಿತಿಯನ್ನಿಟ್ಟಿತು.

ಒಂದೇ ಗಣಿಯ ಎರಡು ದಂಡೆಗಳೂ ಸಮನಾಗಿ ವರ್ತಿಸುವುದಿಲ್ಲ. ಪದರಗಳು ಪಶ್ಚಿಮಕ್ಕೆ ಇಳಿದಿದ್ದರೆ, ಪೂರ್ವದ ದಂಡೆಯಲ್ಲಿ ಅವು ಗುಂಡಿಯ ಕಡೆಗೆ ಓರೆಯಾಗಿರುತ್ತವೆ. ಪದರಕ್ಕಿಂತ ಕಡಿದಾಗಿ ಕಡಿದರೆ ಕಲ್ಲಿನ ಹಲಗೆಯು ಬುಡದ ಆಸರೆಯನ್ನು ಕಳೆದುಕೊಂಡು ಜಾರುತ್ತದೆ. ಪಶ್ಚಿಮದ ದಂಡೆಯಲ್ಲಿ ಅವೇ ಪದರಗಳು ಒಳಮುಖವಾಗಿರುವುದರಿಂದ, ಸಾಲಾಗಿ ನಿಲ್ಲಿಸಿದ ಪುಸ್ತಕಗಳಂತೆ ಮುಂದಕ್ಕೆ ಮಗುಚುವ ಭಯವುಂಟು. ಮಳೆಗಾಲದಲ್ಲಿ ಬಿರುಕುಗಳನ್ನು ತುಂಬಿದ ನೀರಿನ ಒತ್ತಡವು ಈ ಎರಡು ಬಗೆಯ ಅಪಾಯವನ್ನೂ ಹೆಚ್ಚಿಸುತ್ತದೆ. ಇದಲ್ಲದೆ ದಂಡೆಯ ಹಿಂದೆ ಹಳೆಯ ತೋಡಿನ ಪೊಳ್ಳು ಅಡಗಿದ್ದರೆ ಅದೂ ದಂಡೆಯ ಬಲವನ್ನು ಕುಂದಿಸುತ್ತದೆ.

ಇಳಿಜಾರಿನಿಂದ ಬರುವ ಅಗಲವನ್ನು ಲೆಕ್ಕ ಹಾಕುವುದು ಸುಲಭ. ೬೦ ಮೀಟರು ಆಳದ ಗುಂಡಿಗೆ ಎರಡು ಕಡೆಯೂ ಒಟ್ಟಾರೆ ೪೫ ಡಿಗ್ರಿಯ ಇಳಿಜಾರನ್ನು ಕೊಟ್ಟರೆ, ತಳದ ಅಗಲವಲ್ಲದೆ ಮೇಲೆ ಇನ್ನೂ ೧೨೦ ಮೀಟರು ನೆಲವು ಬೇಕಾಗುತ್ತದೆ. ಹಿಂದಿನವರು ಕಿರಿದಾದ ಸಂದಿನಿಂದ ಸಾಧಿಸಿದ ಆಳವನ್ನು ತೆರೆದ ಗಣಿಯು ಇಷ್ಟು ನೆಲವನ್ನು ನುಂಗಿ ಸಾಧಿಸುತ್ತದೆ. ಆ ನೆಲವಾದರೋ ಬರಿಯ ನೆಲವಲ್ಲ. ಹಳೆಯ ತೋಡಿನ ಬಾಯಿ, ಅದಿರನ್ನು ಅರೆದ ಕಲ್ಲುಗಳು, ಕಸಕಲ್ಲಿನ ಗುಡ್ಡೆ, ಕೆಲಸಗಾರರ ವಸತಿಯ ಕುರುಹು ಇವೆಲ್ಲ ಇರಬಹುದಾದುದು ಎಳೆಯ ಇಕ್ಕೆಲದ ಇದೇ ಪಟ್ಟಿಯಲ್ಲಿ.

ಅಂಚಿನಿಂದ ದೂರವನ್ನು ಬಿಡುವ ನಿಯಮವು ಇವನ್ನು ಕಾಯುವುದೇ ಎಂದರೆ, ಕಾಯುವುದಿಲ್ಲ. ೧೯೬೧ರ ನಿಯಮಾವಳಿಯು ರೈಲುದಾರಿ, ಸಾರ್ವಜನಿಕ ರಸ್ತೆ ಮೊದಲಾದವುಗಳಿಂದ ೪೫ ಮೀಟರಿನೊಳಗೆ ಅನುಮತಿಯಿಲ್ಲದೆ ಕೆಲಸ ನಡೆಸಬಾರದೆಂದು ಹೇಳಿತು. ೧೯೯೨ರ ಜೂನ್ ತಿಂಗಳ ಕೇಂದ್ರ ಸರ್ಕಾರದ ಪ್ರಕಟನೆಯು ರಕ್ಷಿತ ಸ್ಮಾರಕಗಳ ಸುತ್ತ ೧೦೦ ಮೀಟರನ್ನು ನಿಷಿದ್ಧ ಪ್ರದೇಶವೆಂದೂ, ಅದರಾಚೆಗೆ ೨೦೦ ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ, ಕಟ್ಟಡಗಳಿಗೆ ಮಾತ್ರವಲ್ಲದೆ ಗಣಿಕೆಲಸಕ್ಕೂ ಅನ್ವಯಿಸುವಂತೆ ಸಾರಿತು. ಮಸ್ಕಿಯ ಶಾಸನದಂತಹ ರಕ್ಷಿತ ಸ್ಮಾರಕಕ್ಕೆ ಈ ಆಶ್ರಯವುಂಟು. ಸ್ಮಾರಕವೆಂದು ಸಾರದ ಹಳೆಯ ತೋಡಿಗೆ ಇಲ್ಲ. ಅಲ್ಲದೆ ಶಾಸನವನ್ನು ಬಿಟ್ಟು ದೂರ ಸರಿಯಬಹುದು. ಎಳೆಯ ಮೇಲೆಯೇ ಇರುವ ತೋಡನ್ನು ಬಿಟ್ಟು ಸರಿದರೆ ಅದಿರನ್ನೇ ಬಿಟ್ಟಂತಾಗುವುದು. ಹೊಸಬರಿಗೆ ಚಿನ್ನದ ಎಡೆಯನ್ನು ತೋರಿಸಿಕೊಟ್ಟ ಗುರುತೇ ಮೊದಲು ಅಳಿಯತಕ್ಕದ್ದಾಗಿದೆ.

ಆದುದರಿಂದ ಇಂತಹ ತೋಡುಗಳನ್ನು ದೂರದ ನಿಯಮದಿಂದ ಉಳಿಸುವುದು ಅಸಾಧ್ಯವಾದೆಡೆ, ದಾಖಲೆಯಿಂದಾದರೂ ಉಳಿಸುವುದು ಕರ್ತವ್ಯ. ದಂಡೆಯ ಭದ್ರತೆಗಾಗಿ ಎಂಜಿನಿಯರುಗಳು ಹಳೆಯ ಪೊಳ್ಳುಗಳನ್ನು ಹೇಗೂ ಹುಡುಕಿ ಅಳೆಯಬೇಕಾಗಿದೆ. ಆ ಅಳತೆಯ ಜೊತೆಯಲ್ಲಿಯೇ ತೋಡಿನ ನಕ್ಷೆ, ಮರದ ತುಂಡು, ಅರೆಯುವ ಕಲ್ಲು, ಮಡಕೆಯ ಚೂರು ಇವುಗಳ ಸ್ಥಾನವನ್ನು ಗುರುತುಮಾಡಿಟ್ಟರೆ ಒಂದೇ ಶ್ರಮದಿಂದ ಎರಡು ಪ್ರಯೋಜನ ಸಿದ್ಧಿಸುವುದು. ದಂಡೆಯು ಒಮ್ಮೆ ಹಿಂದಕ್ಕೆ ಸರಿದ ಮೇಲೆ ಯಾವ ಸಂಶೋಧಕನಿಗೂ ಅದನ್ನು ಮತ್ತೆ ಓದಲಾಗದು.